ಕಾಗೆಗೂಡಿನ ಸೇಡು

ಜೂನ್ ೧೪, ಶನಿವಾರ

ಬಾಚಣಿಗೆಯನ್ನು ತಲೆಯಿಂದ ಎಳೆದೆ. ಅದರ ಜೊತೆ ಒಂದು ಹಿಡಿ ಕೂದಲು ಬಂತು. ನೋವೇ ಆಗಲಿಲ್ಲ, ಹೆದರಿಕೆಯಾದದ್ದು ಅದಕ್ಕೇ. ಕಿತ್ತು ಬಂದಿದ್ದರೆ ನೋಯುತ್ತಿತ್ತು. ಇದು ಮುರಿದು ಬಂದದ್ದು. ಒಂದೊಂದು ಎಳೆಯೂ ಹಳೇ ಪೊರಕೆಯ ಕಡ್ಡಿಯಂತೆ ನಡುವಿಗೇ ತುಂಡಾಗಿದೆ. ನೆತ್ತಿಯ ಎಡಕ್ಕೆ ಕೊಯ್ಲಾದ ಹೊಲದ ಕೂಳೆಯ ಹಾಗೆ ಒಂದು ಜಾಗ ಕಾಣುತ್ತಿದೆ.

ಅಳಲಿಲ್ಲ. ಕಾಲೇಜಿನಿಂದ ತಂದಿಟ್ಟಿದ್ದ ಖಾಲಿ ಗಾಜಿನ ಜಾಡಿಯೊಳಗೆ ಆ ಕೂದಲನ್ನು ಹಾಕಿ, ಮುಚ್ಚಳ ಬಿಗಿದು, ಚೀಟಿ ಅಂಟಿಸಿದೆ: "ಗುಂಗುರು ಕೂದಲು. ಕೊಂದವರು: ಓರಗಿತ್ತಿ." ಪ್ರಾಣಿಶಾಸ್ತ್ರ ಕಲಿಸುತ್ತ ಕಪ್ಪೆ, ಹಲ್ಲಿ, ಹಾವುಗಳ ಜಾಡಿಗೆಲ್ಲ ಚೀಟಿ ಅಂಟಿಸಿದ್ದೇನೆ. ನನ್ನದೇ ಮೈಯ ಭಾಗಕ್ಕೆ ಅಂಟಿಸಿದ್ದು ಇದೇ ಮೊದಲು.

ಇದನ್ನು ಯಾರೂ ಓದುವುದಿಲ್ಲ, ಹಾಗಾಗಿ ನಾಚಿಕೆ ಬಿಟ್ಟು ಬರೆಯುತ್ತೇನೆ. ನನಗೆ ಸೇಡು ಬೇಕು.

ಈ ಮನೆಯ ಕೆಳಗಿನ ಅಂತಸ್ತು ಓರಗಿತ್ತಿಯದು, ಮೇಲಿನದು ನಮ್ಮದು. ಭಾವ ತೀರಿಕೊಂಡ ಮೇಲೆ ಆಕೆ ರಸ್ತೆ ಕಡೆಯ ಕೋಣೆಯನ್ನು ಬ್ಯೂಟಿ ಪಾರ್ಲರ್ ಮಾಡಿಕೊಂಡಳು. ಹೊಟ್ಟೆಪಾಡು ಅದರಿಂದಲೇ. ಅದು ಅವಳ ಕಥೆ. ನನ್ನ ಕಥೆ ಅದಕ್ಕಿಂತ ಹಳೆಯದು. ಮದುವೆಯಾಗಿ ನಾನು ಈ ಮನೆಗೆ ಬಂದ ದಿನ, ನೆಂಟರೆಲ್ಲ ಕೂತಿದ್ದಾಗ, "ಅಯ್ಯೋ, ತಲೆ ಮೇಲೆ ಕಾಗೆಗೂಡು ಇಟ್ಕೊಂಡು ಬಂದಿದಾಳಲ್ಲಪ್ಪ!" ಅಂದವಳು ಅವಳು. ಎಲ್ಲರೂ ನಕ್ಕರು. ಇವರೂ ನಕ್ಕರು. ನಗು ಕೋಣೆಯ ಯಾವ ಮೂಲೆಯಿಂದ ಶುರುವಾಯಿತು ಅಂತಲೂ ನನಗೆ ನೆನಪಿದೆ. ಅವತ್ತಿನಿಂದ ನಾನು ಕಾಗೆಗೂಡು.

ಈ ವರ್ಷ ವಿಭಾಗದ ಮುಖ್ಯಸ್ಥೆಯಾದೆ. ಕಾಲೇಜಿನ ಗೋಡೆಯ ಮೇಲೆ ಹಿಂದಿನ ಮುಖ್ಯಸ್ಥರ ಫೋಟೊಗಳು ಸಾಲಾಗಿವೆ. ಎಲ್ಲ ಗಂಡಸರು, ಎಣ್ಣೆ ಹಚ್ಚಿ ಬಾಚಿದ ತಲೆ, ಇಲ್ಲವೇ ಬೋಳು. "ಆ ಸಾಲಲ್ಲಿ ನಿನ್ನ ಕಾಗೆಗೂಡು ನೇತು ಹಾಕಿಸ್ತೀಯೇನೆ? ಬಾ, ಸ್ಮೂತನಿಂಗ್ ಮಾಡ್ಕೊಡ್ತೀನಿ, ರೇಷ್ಮೆ ಹಂಗಾಗುತ್ತೆ" ಅಂದಳು. ಹೋದೆ.

ಪಾರ್ಲರಿನ ಬಾಗಿಲು ತೆಗೆದ ಕೂಡಲೇ ಒಂದು ವಾಸನೆ. ಪಕ್ಕದ ಕುರ್ಚಿಯ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಕೆಮ್ಮುತ್ತಿದ್ದಳು. ನನಗೋ, ಮನೆಗೆ ಬಂದಂತೆ ಅನ್ನಿಸಿತು! ಅದು ನಮ್ಮ ಜಾಡಿಗಳ ಕೋಣೆಯ ವಾಸನೆ. ಸತ್ತ ಪ್ರಾಣಿಗಳು ಕೊಳೆಯದ ಹಾಗೆ ಮುಳುಗಿಸಿಡುವ ಫಾರ್ಮಾಲಿನ್. ಫಾರ್ಮಾಲ್ಡಿಹೈಡ್ ಎಂಬ ವಿಷವನ್ನು ನೀರಲ್ಲಿ ಕರಗಿಸಿದರೆ ಅದೇ. ಅದರಲ್ಲೇ ಬದುಕು ಸವೆಸಿದ ನನ್ನ ಮೂಗು ಆ ಒಂದು ವಾಸನೆಗೆ ಹೆದರುವುದನ್ನೇ ಬಿಟ್ಟಿದೆ. ಆದರೂ ಕನ್ನಡಕ ಹಾಕಿಕೊಂಡು ಡಬ್ಬ ನೋಡಿದೆ. "ಫಾರ್ಮಾಲ್ಡಿಹೈಡ್ ಇಲ್ಲ" ಎಂದು ದಪ್ಪ ಅಕ್ಷರದಲ್ಲಿತ್ತು. ಮೂಗನ್ನು ಬಿಟ್ಟು ಅಕ್ಷರವನ್ನು ನಂಬಿದೆ. ಓದಿಕೊಂಡವರಷ್ಟೇ ಮಾಡಬಲ್ಲ ತಪ್ಪು.

ಫೋಟೊ ಆಯಿತು, ಗೋಡೆಗೂ ಏರಿತು. ಸ್ಟುಡಿಯೋದವನು ಫೋಟೊ ಕೊಡುವಾಗ, "ಮೇಡಂ, ಇದು ನಿಮ್ಮ ತಂಗೀದಾ?" ಅಂದ. ಆಗ ಖುಷಿಪಟ್ಟಿದ್ದೆ.

ಜೂನ್ ೧೫, ಭಾನುವಾರ

ಕೆಳಗೆ ಹೋದೆ. ಜಾಡಿ ಹಿಡಿದುಕೊಂಡೇ ಹೋದೆ.

"ಏನೇ ಅದು, ಉಪ್ಪಿನಕಾಯಿ ತಂದ್ಯಾ?"

"ನನ್ನ ಕೂದ್ಲು, ಅಕ್ಕ. ನೀವು ರೇಷ್ಮೆ ಮಾಡಿದ್ದು."

ಅವಳು ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಮುಖ ಒಂದು ಕ್ಷಣ ಬಿಳಿಚಿಕೊಂಡದ್ದನ್ನು ನಾನು ಕಂಡೆ. ಆದರೆ ಬಾಯಿ ಸುಮ್ಮನಿರಬೇಕಲ್ಲ? "ಊರವ್ರಿಗೆಲ್ಲ ಮಾಡ್ತೀನಿ, ಯಾರಿಗೂ ಹಿಂಗಾಗಿಲ್ಲ. ನಿಂದು ಮೊದ್ಲೇ ಒಣಹುಲ್ಲು. ಬೆಂಕಿ ಕಡ್ಡಿ ಗೀರೋದೊಂದು ಬಾಕಿ ಇತ್ತು."

"ಗೀರಿದ್ದು ಯಾರು?"

"ನೋಡೇ, ನಂಗೇನು ನಿನ್ ಮೇಲೆ ಹಗೆನಾ? ಡಬ್ಬದ ಮೇಲೆ ಬರ್ದಿದೆ, ಏನೂ ಇಲ್ಲ ಅಂತ. ಓದೋಕೆ ಬರುತ್ತಲ್ಲ ನಿಂಗೆ? ದೊಡ್ಡ ಮೇಡಮ್ಮು!" ಅಂದವಳಿಗೆ ಕೆಮ್ಮು ಒತ್ತರಿಸಿ ಬಂತು. ಗೋಡೆ ಹಿಡಿದುಕೊಂಡು ಕೆಮ್ಮಿದಳು. ಒಳ್ಳೆಯದಾಯಿತು ಅಂದುಕೊಂಡೆ.

ಇಷ್ಟೆಲ್ಲ ಆದರೂ ನಾನು ಬಹುವಚನ ಬಿಡಲಿಲ್ಲ. ಎಂದೂ ಬಿಟ್ಟವಳಲ್ಲ. ಜನ ಅದನ್ನು ಮರ್ಯಾದೆ ಅಂದುಕೊಂಡಿದ್ದಾರೆ. ಅದು ಮರ್ಯಾದೆಯಲ್ಲ, ಬೇಲಿ.

ಜೂನ್ ೨೩, ಸೋಮವಾರ

ಚರ್ಮದ ಡಾಕ್ಟರು ನೆತ್ತಿಗೆ ಭೂತಗನ್ನಡಿ ಹಿಡಿದು ನೋಡಿದರು. ಗುಂಗುರು ಕೂದಲಿನ ಎಳೆ ದುಂಡಗಿರುವುದಿಲ್ಲ, ಚಪ್ಪಟೆ. ತಿರುವು ಇರುವ ಕಡೆಯೆಲ್ಲ ತೆಳು, ಮೊದಲೇ ಒಣ. ಅದಕ್ಕೆ ಔಷಧಿ ಬಳಿದು, ಕಾದ ಐರನ್ನಿನಲ್ಲಿ ಎಳೆದೆಳೆದು ನೆಟ್ಟಗೆ ಮಾಡಿದರೆ ಮುರಿಯುವುದು ಆ ತಿರುವುಗಳಲ್ಲೇ. "ಮುರಿದದ್ದು ಬೆಳ್ಕೊಳುತ್ತೆ. ಆದ್ರೆ ಇಲ್ಲಿ ಚರ್ಮಾನೇ ಸುಟ್ಟಿದೆ. ಬೇರು ಉಳಿದಿದ್ರೆ ಬರುತ್ತೆ, ಇಲ್ದಿದ್ರೆ ಇಲ್ಲ. ಕಾಯಬೇಕು" ಅಂದರು.

ಕಾಯುತ್ತ ಓದುತ್ತಿದ್ದೇನೆ. ಡಬ್ಬದ ಮೋಸ ಈಗ ಅರ್ಥವಾಯಿತು. ನೀರಿನ ಜೊತೆ ಸೇರಿದಾಗ ಫಾರ್ಮಾಲ್ಡಿಹೈಡ್‌ಗೆ ಇನ್ನೊಂದು ಹೆಸರಿದೆ. ಮುಂದೆ ದಪ್ಪಕ್ಷರದಲ್ಲಿ "ಇಲ್ಲ" ಅಂತ ಬರೆದು, ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಆ ಇನ್ನೊಂದು ಹೆಸರು ಹಾಕುತ್ತಾರೆ. ಐರನ್ ತಾಗಿ ಕಾದೊಡನೆ ಅದು ಹಳೆಯ ರೂಪಕ್ಕೆ ಮರಳಿ ಹೊಗೆಯಾಗಿ ಏಳುತ್ತದೆ. ಅಂಗಿ ಬದಲಿಸಿಕೊಂಡು ಬಂದ ಕಳ್ಳ.

ಇವರಿಗೆ ಎಲ್ಲ ಓದಿ ಹೇಳಿದೆ. ಪೇಪರಿನಿಂದ ತಲೆಯೆತ್ತದೆ, "ನಿಂಗೆ ಗುಂಗುರು ಹೋಯ್ತು, ಗುಂಗು ಹಿಡೀತು" ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಮಾಡಿದ ಒಂದೇ ಒಳ್ಳೆಯ ಜೋಕು, ಅದೂ ನನ್ನ ತಲೆಯ ಮೇಲೆ.

ಓರಗಿತ್ತಿಯ ಇನ್ನೊಂದು ಅಪರಾಧವನ್ನೂ ಇಲ್ಲೇ ಬರೆದಿಡುತ್ತೇನೆ. ಎರಡೂ ಮನೆಯ ಹಾಲು ಕೆಳಗೇ ಬರುತ್ತದೆ. ಅವಳು ಕಾಯಿಸಿ, ನಮ್ಮ ಪಾಲನ್ನು ಪಾತ್ರೆಯಲ್ಲಿ ಮೆಟ್ಟಿಲ ಮೇಲೆ ಇಡುತ್ತಾಳೆ. ಹೋದ ವರ್ಷದಿಂದ ವಾರಕ್ಕೆರಡು ಸಲವಾದರೂ ಸೀದ ಹಾಲು. ಕಾಫಿಯೆಲ್ಲ ಸೀಕಲು. ಬೇಕಂತಲೇ ಮಾಡುತ್ತಾಳೆ. ನಾನು ಒಂದು ದಿನವೂ ಕೇಳಿಲ್ಲ. ಮರೆತೂ ಇಲ್ಲ.

ಜುಲೈ ೨, ಬುಧವಾರ

ಸಾಕ್ಷಿ ಸಿಕ್ಕಿತು!

ನಿನ್ನೆ ರಾಜಿಗೆ ಬಂದವಳ ಹಾಗೆ ಪಾರ್ಲರಿಗೆ ಹೋಗಿ ಕೂತೆ. ಅವಳು ಫೋನಿನಲ್ಲಿ ಮಾತಾಡಲು ಒಳಗೆ ಹೋದಾಗ ಡಬ್ಬದಿಂದ ಒಂದು ಚಮಚ ಕದ್ದೆ. ಸೆರಗಿನೊಳಗೆ ಸೀಸೆ ಮುಚ್ಚಿಟ್ಟುಕೊಂಡು ಮೆಟ್ಟಿಲು ಹತ್ತುವಾಗ ಎಷ್ಟು ಹಗುರಾಗಿದ್ದೆ! ಕಳ್ಳತನದಲ್ಲಿ ಇಷ್ಟು ಸುಖವಿದೆ ಅಂತ ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಇವತ್ತು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಅದನ್ನು ಪರೀಕ್ಷೆ ಮಾಡಿದರು. ಬಣ್ಣವಿಲ್ಲದ ದ್ರವಕ್ಕೆ ಎರಡು ಹನಿ ಬಿಟ್ಟದ್ದೇ ತಡ, ಕೊಳವೆಯೊಳಗೆ ಗಾಢ ಗುಲಾಬಿ ಅರಳಿತು. "ಇದು ಬೇರೆ ಒಂದಿಷ್ಟು ವಸ್ತುಗಳಿಗೂ ಬರುತ್ತೆ ಮೇಡಂ, ಇನ್ನೊಂದು ನೋಡ್ಬಿಡೋಣ" ಅಂದು ಎರಡನೆಯದನ್ನೂ ಮಾಡಿದರು. ಅಲ್ಲಿ ನೇರಳೆ. ಅನುಮಾನವೇ ಇಲ್ಲ. ಇಷ್ಟು ಚೆಂದದ ಬಣ್ಣಗಳನ್ನು ನಾನು ಕಂಡೇ ಇಲ್ಲ. ಶತ್ರುವಿನ ಸೋಲು ಗುಲಾಬಿಯಿಂದ ನೇರಳೆಗೆ ತಿರುಗುವುದನ್ನು ನೋಡಲು ಪುಣ್ಯ ಬೇಕು.

ಮೇಷ್ಟ್ರು ಕೊಳವೆ ತೊಳೆಯುತ್ತ ಕೇಳಿದರು: "ನೀವು ಒಂದ್ಸಲ ಹಚ್ಚಿಸ್ಕೊಂಡ್ರಿ, ಸರಿ. ಇದನ್ನ ದಿನಾ ಉಸಿರಾಡ್ತಿರೋರು ಯಾರು?"

"ನನ್ನ ಓರಗಿತ್ತಿ" ಅಂದೆ.

"ಕಿಟಕಿ ಗಿಟಕಿ ಇದೆಯಾ?"

"ಎಸಿ ಹಾಕಿದಾರೆ. ಎಲ್ಲ ಮುಚ್ಚಿರುತ್ತೆ."

ಅವರು ತೊಳೆದ ಕೊಳವೆಯನ್ನೇ ಇನ್ನೊಮ್ಮೆ ತೊಳೆದರು. ಆಮೇಲೆ ಚಹಾ ತರಿಸಿದರು. ಯಾಕೋ ನನಗೆ ಸೇರಲಿಲ್ಲ. ಕ್ಯಾಂಟೀನಿನವನು ಹಳೆ ಪುಡಿ ಹಾಕಿರಬೇಕು.

ಜುಲೈ ೪, ಶುಕ್ರವಾರ

ಆರೋಗ್ಯ ಇಲಾಖೆಗೆ ದೂರು ಬರೆದು ಮುಗಿಸಿದೆ. ಉರಿಯುವ ಬರವಣಿಗೆ. "ನಿರ್ಲಜ್ಜ" ಎಂಬ ಮಾತು ಮೂರು ಕಡೆ ಬಂದಿದೆ, ಮೂರೂ ಕಡೆ ಒಪ್ಪುತ್ತದೆ. ಇನ್ನೊಮ್ಮೆ ತಿದ್ದಿ ಕಳಿಸುತ್ತೇನೆ.

ಜುಲೈ ೧೩, ಭಾನುವಾರ

ದೂರು ಇನ್ನೂ ಕಳಿಸಿಲ್ಲ. ಕೊನೆಯ ವಾಕ್ಯ ಸರಿಬರುತ್ತಿಲ್ಲ.

ಭಾನುವಾರ ಪಾರ್ಲರ್ ತುಂಬಿರುತ್ತದೆ. ಓದಲು ಕೂತರೆ ನೆಲದ ಕೆಳಗಿನಿಂದ ಕೆಮ್ಮು. ಮೊದಲು ಎರಡು ಸಣ್ಣ ಕೆಮ್ಮು, ಆಮೇಲೆ ಒಂದು ಉದ್ದದ್ದು, ಕೊನೆಗೆ ಗಂಟಲು ಕೆರೆಯುವ ಸದ್ದು. ಆ ಕೊನೆಯದು ಬರುವ ತನಕ ಪುಟ ತಿರುವಲು ಆಗುವುದಿಲ್ಲ. ಒಂದು ಅಧ್ಯಾಯ ಹಾಳಾಯಿತು.

ತಡೆಯಲಾರದೆ ಇಳಿದು ಹೋದೆ. ಕೋಣೆಯೊಳಗೆ ಮಂಜು ಕವಿದಂತೆ ಹೊಗೆ. ಕುರ್ಚಿಯಲ್ಲಿ ಯಾವುದೋ ಕಾಲೇಜು ಹುಡುಗಿ, ನನ್ನಂಥದೇ ಗುಂಗುರು. ನಾನು ಯಾರನ್ನೂ ಕೇಳದೆ ಮೂರು ಕಿಟಕಿಯ ಚಿಲಕವನ್ನೂ ಹೊಡೆದು ತೆಗೆದೆ. ಒಂದು ಕಿಟಕಿ ಬಣ್ಣ ಮೆತ್ತಿಕೊಂಡು ಅಂಟಿತ್ತು, ಚಪ್ಪಲಿಯಲ್ಲಿ ಬಡಿದೆ.

"ಏಯ್! ಎಸಿ ಓಡ್ತಿದೆ ಕಣೆ! ತಣ್ಣಗಿರೋದೆಲ್ಲ ಬೀದಿಗೆ ಹೋಗುತ್ತೆ!"

"ಹೋಗ್ಲಿ. ಬೀದಿಯವ್ರೂ ತಣ್ಣಗಿರ್ಲಿ."

"ನಿಂಗೆ ತಲೆ ಕೆಟ್ಟಿದೆ."

"ಕೆಡಿಸಿದ್ದು ನೀವೇ."

ಕುರ್ಚಿಯ ಹುಡುಗಿ ನಕ್ಕುಬಿಟ್ಟಳು. ಕಿಟಕಿ ಮುಚ್ಚಲು ಬರದ ಹಾಗೆ ಚಿಲಕಗಳನ್ನು ಕಿತ್ತು ತಂದಿದ್ದೇನೆ. ಅವಳ ಎಸಿ ಹಾಳಾಗಲಿ ಅಂತಲೇ ಮಾಡಿದ್ದು. ಸೇಡಿನ ಮೊದಲ ಕಂತು.

ಜುಲೈ ೨೨, ಮಂಗಳವಾರ

ಎರಡನೆಯ ಕಂತು, ಇದು ನನ್ನ ಜೀವಮಾನದ ಸಾಧನೆ.

ಈ ವಾರ ರಜೆ ಹಾಕಿದ್ದೇನೆ. ಬೆಳಿಗ್ಗೆ ತಲೆಗೆ ಕಟ್ಟಿದ್ದ ಸ್ಕಾರ್ಫ್ ಬಿಚ್ಚಿ, ಪಾರ್ಲರಿನ ಮುಂದಿನ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು, ಜಾಡಿಯನ್ನು ಪಕ್ಕದಲ್ಲಿಟ್ಟು, ಪುಸ್ತಕ ತೆರೆದು ಕೂತೆ. ಹುಬ್ಬು ತೀಡಿಸಲು, ಕೂದಲು ಕತ್ತರಿಸಲು ಬಂದವರನ್ನು ಬಿಟ್ಟೆ. ಸ್ಮೂತನಿಂಗ್ ಅಂದವರಿಗೆ ತಲೆ ಬಗ್ಗಿಸಿ ನೆತ್ತಿ ತೋರಿಸಿದೆ. ಒಂದು ಕಡೆ ನೆಟ್ಟಗೆ ಜೋತುಬಿದ್ದ ಕಡ್ಡಿ, ಒಂದು ಕಡೆ ಕೂಳೆ, ನಡುವೆ ಸುಟ್ಟು ಸಿಪ್ಪೆ ಏಳುತ್ತಿರುವ ಚರ್ಮ.

"ಅಯ್ಯಮ್ಮಾ! ಏನಾಯ್ತು ಆಂಟಿ?"

"ರೇಷ್ಮೆ ಆಯ್ತಮ್ಮ."

ಒಬ್ಬಳೂ ಒಳಗೆ ಹೋಗಲಿಲ್ಲ. ಒಬ್ಬಳಂತೂ ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿ ಮರೆತು ಓಡಿ, ಬೀದಿಯ ಕೊನೆಯಿಂದ ವಾಪಸ್ ಬಂದಳು.

ಮಧ್ಯಾಹ್ನ ಓರಗಿತ್ತಿ ಹೊರಗೆ ಬಂದು ನಿಂತಳು. ಬೈಯುತ್ತಾಳೆ ಅಂತ ಉತ್ತರಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ. ಅವಳು ಕೂಗಲೇ ಇಲ್ಲ. "ನನ್ನ ಅನ್ನಕ್ಕೆ ಕಲ್ಲು ಹಾಕ್ತಿದೀಯ ಕಣೆ. ನಿಮ್ಮ ಭಾವ ಹೋದ್ಮೇಲೆ ನಾನು ಯಾರ ಹತ್ರಾನೂ ಕೈ ಚಾಚಿಲ್ಲ. ಈ ಸ್ಮೂತನಿಂಗ್ ಒಂದೇ ನಡೆಯೋದು. ಅದಿಲ್ದಿದ್ರೆ ಹುಬ್ಬಲ್ಲಿ ಹೊಟ್ಟೆ ತುಂಬುತ್ತಾ?" ಅಂದಳು. ವಾಕ್ಯದ ನಡುವೆ ಎರಡು ಕಡೆ ಉಸಿರಿಗಾಗಿ ನಿಂತಳು.

ಜೋಡಿಸಿಟ್ಟಿದ್ದ ಉತ್ತರಗಳಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ. "ನಾಳೆನೂ ಕೂರ್ತೀನಿ" ಅಂದೆ.

ಮೇಲೆ ಬಂದು ದೂರನ್ನು ತೆಗೆದು "ನಿರ್ಲಜ್ಜ" ಹೊಡೆದುಹಾಕಿದೆ, ಮೂರೂ ಕಡೆ. ಅಧಿಕಾರಿಗಳಿಗೆ ಅಲಂಕಾರ ಹಿಡಿಸುವುದಿಲ್ಲ. ಕೊನೆಯ ವಾಕ್ಯವೂ ಸಿಕ್ಕಿತು: "ಆ ಕೋಣೆಯಲ್ಲಿ ದಿನವಿಡೀ ಕೆಲಸ ಮಾಡುವವರ ಉಸಿರಿಗೆ ಅಪಾಯವಿರುವುದರಿಂದ ತಡ ಮಾಡಬಾರದು." ಹೀಗೆ ಬರೆದರೆ ಬೇಗ ಬರುತ್ತಾರೆ. ಅಂಚೆಗೆ ಹಾಕಿದೆ.

ಆಗಸ್ಟ್ ೫, ಮಂಗಳವಾರ

ಬಂದರು. ಇನ್ಸ್‌ಪೆಕ್ಟರಮ್ಮ ಒಬ್ಬರು, ಕೈಗವಸು ಹಾಕಿದ ಸಹಾಯಕ ಒಬ್ಬ. ಡಬ್ಬಗಳನ್ನೆಲ್ಲ ಚೀಲಕ್ಕೆ ತುಂಬಿ ಮೊಹರು ಹಾಕಿದರು. ಸ್ಮೂತನಿಂಗ್ ಬಂದ್. ನಾನು ಮೆಟ್ಟಿಲ ತಿರುವಿನಲ್ಲಿ ನಿಂತು ನೋಡಿದೆ. ಇದೇ ಗಳಿಗೆಗಾಗಿ ಎಷ್ಟು ಕಾದಿದ್ದೆ.

ಇನ್ಸ್‌ಪೆಕ್ಟರಮ್ಮ ಕೇಳಿದರು: "ಇಷ್ಟು ಘಾಟು ಬರುತ್ತಲ್ಲಮ್ಮ, ನಿಮಗೆ ಗೊತ್ತೇ ಆಗ್ಲಿಲ್ವಾ?"

ಓರಗಿತ್ತಿ ಕೈ ಕಟ್ಟಿಕೊಂಡು ನಿಂತಿದ್ದಳು, ಶಾಲೆಯ ಹುಡುಗಿಯ ಹಾಗೆ. "ಘಾಟು ಬರುತ್ತಾ ಮೇಡಂ? ನಂಗೆ ವಾಸನೇನೇ ಬರೋಲ್ಲ. ಹೋಗಿ ವರ್ಷದ ಮೇಲಾಯ್ತು. ಮೊದ್ಲು ಕಣ್ಣು ಉರೀತಿತ್ತು, ಆಮೇಲೆ ಅದೂ ಅಭ್ಯಾಸ ಆಯ್ತು. ಸೋಪು, ಹೂವು, ಯಾವುದೂ ಇಲ್ಲ. ಗ್ಯಾಸ್ ಸೋರಿದ್ರೂ ಗೊತ್ತಾಗಲ್ಲ ಅಂತ ಒಲೆ ಆರಿಸಿದ್ದು ಮೂರ್ ಮೂರ್ ಸಲ ನೋಡ್ತೀನಿ."

ಯಾರಿಗೂ ಹೇಳಿರಲಿಲ್ಲವಂತೆ. ಪಾರ್ಲರಿನವಳಿಗೆ ಮೂಗಿಲ್ಲ ಅಂದರೆ ಜನ ನಗುತ್ತಾರೆ ಅಂತ.

ಜನ ನಗುತ್ತಾರೆ ಅಂತ ಹೆದರಿದಳು. ಅವಳು!

ಗೆದ್ದೆ. ಇಷ್ಟೇ ಬರೆಯುವುದು.

ಆಗಸ್ಟ್ ೬, ಬುಧವಾರ

ಮೆಟ್ಟಿಲ ಮೇಲೆ ಹಾಲು ಇತ್ತು. ಅಷ್ಟೆಲ್ಲ ಆದ ಮರುದಿನವೂ ಇಟ್ಟಿದ್ದಾಳೆ. ಸೀದಿತ್ತು.

ಹಾಗಾದರೆ ಬೇಕಂತ ಸೀಯಿಸಿದ್ದಲ್ಲ. ಹೋದ ವರ್ಷದಿಂದ ಈ ಸಿಟ್ಟನ್ನು ಸಾಕಿ ಸಲಹಿದ್ದು ದಂಡ. ಇದಕ್ಕೂ ಹೊಣೆ ಅವಳೇ. ಹೇಳಬೇಕಿತ್ತು.

ಕಾಫಿ ಮಾಡಿದೆ. ಇವರು, "ಸೀಕಲು" ಅಂದರು. "ಬಾಯಿ ಮುಚ್ಕೊಂಡು ಕುಡೀರಿ" ಅಂದೆ.

ಆಗಸ್ಟ್ ೨೪, ಭಾನುವಾರ

ಮಾತು ಬಿಟ್ಟಿದ್ದ ಓರಗಿತ್ತಿ ಇವತ್ತು ಕತ್ತರಿ ಹಿಡಿದುಕೊಂಡು ಮೇಲೆ ಬಂದಳು. ಮೆಟ್ಟಿಲ ತಿರುವಿನಲ್ಲಿ ನಿಂತು ಸುಧಾರಿಸಿಕೊಂಡದ್ದು ನನಗೆ ಕೇಳಿಸಿತು. ಇವರು ಕತ್ತರಿ ನೋಡಿ ಎದ್ದು ನಿಂತರು.

"ನಿಮ್ಮ ಹೆಂಡ್ತೀನ ಕೊಲ್ಲಕ್ಕೆ ಬಂದಿಲ್ಲ, ಕೂತ್ಕೊಳಿ. ಪಾರ್ಲರಿರೋ ಮನೇಲಿ ಇಂಥಾ ತಲೆ ಓಡಾಡಿದ್ರೆ ನನ್ನ ಮಾನ ಏನಾಗ್ಬೇಕು? ಬಾರೇ ಇಲ್ಲಿ."

ಬೆನ್ನು ಕೊಟ್ಟು ಕೂತೆ. ಸತ್ತ ನೆಟ್ಟಗಿನ ಕೂದಲನ್ನೆಲ್ಲ ಕತ್ತರಿಸುತ್ತ ಬಂದಳು. ನೆತ್ತಿಯ ಎಡಕ್ಕೆ ಬಂದಾಗ ಕತ್ತರಿಯ ಸದ್ದು ನಿಂತಿತು.

"ಏನು?"

ಸುಟ್ಟ ಜಾಗದ ಅಂಚಿನಲ್ಲಿ ಅವಳ ಬೆರಳು ಆಡುತ್ತಿತ್ತು.

"ಏನಕ್ಕ, ಹೇಳು!"

"ಬಂದಿದೆ ಕಣೆ" ಅಂದಳು. ಕೆಮ್ಮು ಬಂತೋ ಏನೋ, ದನಿ ಕೆಟ್ಟಿತ್ತು. "ಕಾಗೆಗೂಡು ವಾಪಸ್ ಬಂದಿದೆ. ಹುಟ್ಟೋವಾಗ್ಲೇ ಸುರುಳಿ ಸುತ್ಕೊಂಡೇ ಹುಟ್ಟಿದೆ, ಹಠಮಾರಿ."

ಕನ್ನಡಿ ಕೊಟ್ಟಳು. ಪೂರ್ತಿ ಬಂದಿಲ್ಲ, ನಡುವೆ ಹುಣಸೆ ಬೀಜದಷ್ಟು ಜಾಗ ಬೋಳಾಗಿಯೇ ಇದೆ, ಅದು ಹಾಗೇ ಉಳಿಯಬಹುದು. ಸುತ್ತ ಸಣ್ಣ ಸಣ್ಣ ಸುರುಳಿಗಳು.

ಕೂದಲು ಗುಡಿಸುವಾಗ ಡಬ್ಬ ಮಾರಿದವನ ಮಾತು ಬಂತು. "ಹಾಲಿನಷ್ಟು ಸೇಫು ಅಂತ ನನ್ನ ಕೈ ಮುಟ್ಟಿ ಹೇಳಿದ್ದ ಕಣೆ ಆ ಲೋಫರ್." ಅವನ ಮೇಲೂ, ಡಬ್ಬದ ಕಂಪನಿಯ ಮೇಲೂ ದೂರು ಬರೆಯಲು ಕೂತೆವು. ಅವಳು ಹೇಳಿದಳು, ನಾನು ಬರೆದೆ. ನಾನು ಓದಿದ್ದೇನೋ ಬೆಟ್ಟದಷ್ಟು, ಆದರೆ ಬೈಗುಳದಲ್ಲಿ ಅವಳ ಮುಂದೆ ನಾನಿನ್ನೂ ಅಕ್ಷರಾಭ್ಯಾಸದಲ್ಲಿದ್ದೇನೆ. ಅರ್ಧ ಕಾಗದ ಕಳಿಸುವ ಹಾಗಿಲ್ಲ. ಅದನ್ನು ಎತ್ತಿಟ್ಟುಕೊಂಡಿದ್ದೇನೆ.

ಇವರು ಆಮೇಲೆ, "ಅತ್ತಿಗೇನ ಏಕವಚನದಲ್ಲಿ ಮಾತಾಡಿಸ್ತಿದ್ಯಲ್ಲ?" ಅಂದರು. ಆಗಿರಬಹುದು. ಮರ್ಯಾದೆ ಕೊಡದಿರುವುದೂ ಸೇಡಿನ ಒಂದು ಬಗೆ.

ಸೆಪ್ಟೆಂಬರ್ ೧೫, ಸೋಮವಾರ

ಇವತ್ತು ಓರಗಿತ್ತಿಯನ್ನು ಎದೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಬರುವುದಿಲ್ಲ ಅಂತ ರಂಪ ಮಾಡಿದಳು. "ಇನ್ಸ್‌ಪೆಕ್ಟರಮ್ಮನಿಗೆ ಮತ್ತೆ ಬರೀತೀನಿ ನೋಡು" ಅಂತ ಹೆದರಿಸಿದ ಮೇಲೆ ಚಪ್ಪಲಿ ಮೆಟ್ಟಿದಳು. ಅಲ್ಲಿ ಬಾಯಿಗೆ ಕೊಳವೆ ಇಟ್ಟು ಊದಿಸಿದರು. ಈ ಮನೆಗೆ ಬಂದ ದಿನದಿಂದ ಆ ಬಾಯಿ ಸುಮ್ಮನಿದ್ದುದನ್ನು ನಾನು ಕಂಡಿರಲಿಲ್ಲ. ಇವತ್ತು ಕಣ್ತುಂಬ ಕಂಡೆ. "ಊದಿ, ಊದಿ, ಇನ್ನೂ ಜೋರಾಗಿ" ಅಂತ ಡಾಕ್ಟರು, ಪಕ್ಕದಲ್ಲಿ ನಾನು, "ಊದೇ, ಬೈಯ್ಯೋವಾಗ ಬರೋ ದಮ್ಮು ಎಲ್ಲಿ ಹೋಯ್ತು?" ಅಂತ. ಕೊಳವೆ ಬಾಯಲ್ಲಿದ್ದುದರಿಂದ ಕಣ್ಣಲ್ಲೇ ಬೈದಳು.

ಉಸಿರಿನ ಚೀಲ ಅಷ್ಟೇನೂ ಕೆಟ್ಟಿಲ್ಲವಂತೆ. ಆ ಹೊಗೆ ಇನ್ನು ತಾಕಬಾರದು. ಮೂಗು ಮಾತ್ರ ಬಂದರೆ ಬಂತು, ಇಲ್ಲವಾದರೆ ಇಲ್ಲ. ಕೇಳಿ ನನಗೇನೂ ಅನ್ನಿಸಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಸ್ವಲ್ಪ ಕೂತೆ, ಅಷ್ಟೆ.

ಕಾಲೇಜಿನ ಗೋಡೆಯ ಮೇಲಿದ್ದ ಆ "ತಂಗಿ"ಯ ಫೋಟೊ ತೆಗೆಸಿ, ನನ್ನದನ್ನು ಹಾಕಿಸಿದ್ದೇನೆ. ತಲೆಯ ಸುತ್ತ ಮೋಟು ಸುರುಳಿಗಳು, ಎಡಕ್ಕೆ ಸಣ್ಣ ಬೋಳು. ಬಾಚದೆಯೇ ತೆಗೆಸಿದ್ದು. ಪಾರ್ಲರಿನಲ್ಲಿ ಈಗ ಗುಂಗುರು ಕೂದಲು ಹಾಳಾಗದ ಹಾಗೆ ಕತ್ತರಿಸಿ ಕೊಡುತ್ತಾಳೆ. ಮಾದರಿಗೆ ನನ್ನ ಅದೇ ಫೋಟೊವನ್ನು ಕನ್ನಡಿಯ ಪಕ್ಕ ಸಿಕ್ಕಿಸಿಕೊಂಡಿದ್ದಾಳೆ. ನನ್ನನ್ನು ಕೇಳಲಿಲ್ಲ. ಇದನ್ನೂ ನೆನಪಿನಲ್ಲಿಟ್ಟಿದ್ದೇನೆ.

ಅವಳನ್ನು ಕ್ಷಮಿಸಿಲ್ಲ. ಜಾಡಿ ಈಗಲೂ ಕಪಾಟಿನ ಮೇಲಿದೆ, ಚೀಟಿ ಸಮೇತ. ಸೀದ ಹಾಲು ಕುಡಿಸಿದ್ದಕ್ಕೂ ಉಪಾಯ ಕಂಡುಕೊಂಡಿದ್ದೇನೆ. ಬೆಳಗಾಗುತ್ತಲೇ ಕೆಳಗಿಳಿದು, ಹಾಲು ಉಕ್ಕುವ ತನಕ ಅವಳ ಒಲೆಯ ಮುಂದೆ ನಿಂತಿರುತ್ತೇನೆ. "ಪೊಲೀಸಮ್ಮ ಬಂದ್ಲು" ಅನ್ನುತ್ತಾಳೆ. ಹಾಲು ಕಾಯುವಷ್ಟು ಹೊತ್ತೂ ಜಗಳ. ಆಮೇಲೆ ಅಲ್ಲೇ ಇಬ್ಬರಿಗೂ ಕಾಫಿ.

ಸೇಡು ತೀರಿಸಿಕೊಳ್ಳುವುದು ಅಂದರೆ ಹುಡುಗಾಟವಲ್ಲ. ದಿನಾ ಬೆಳಿಗ್ಗೆ ಬೇಗ ಏಳಬೇಕು.